ಮೂವತ್ತೇಳು ಯಾಕೆ ಬರುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದಿರಿ ಎಂಬ ಹೆಮ್ಮೆ ನಿಮಗೆ ಬೇಡ. ಮೂವತ್ತೇಳು ಎಂದು ಸುಳ್ಳು ಕೂಗಿದವನು ನಾನೇ. ನನ್ನ ಮುಷ್ಟಿಯೊಳಗೆ ಇದ್ದದ್ದು ನಲವತ್ತೊಂದು. ಕಣ್ಣು ಮಂಜಾಗಿತ್ತು ಎನ್ನೋಣವೆಂದರೆ ನನಗಿನ್ನೂ ಕನ್ನಡಕದ ವಯಸ್ಸಲ್ಲ. ಕತ್ತಲಿತ್ತು ಎನ್ನೋಣವೆಂದರೆ ತಿರುವನಂತಪುರದಲ್ಲಿ ಬೆಳಗಿನ ಹನ್ನೊಂದು ಗಂಟೆಯ ಬಿಸಿಲು ಕಿಟಕಿಯ ಪರದೆಯನ್ನೂ ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ಬೇಕೆಂದೇ ಕೂಗಿದೆ. ಇದರಲ್ಲಿ ಇನ್ನೂ ನಾಚಿಕೆಯ ವಿಷಯವೆಂದರೆ ನಾನು ಹೊಟ್ಟೆ ಹೊರೆಯುವುದೇ ಸಾಧ್ಯತೆಗಳ ಲೆಕ್ಕದಿಂದ. ಕೊಚ್ಚಿಯ ಒಂದು ಐಟಿ ಪಾರ್ಕಿನ ಏಳನೇ ಮಹಡಿಯಲ್ಲಿ ಕೂತು, ಯಾವ ಗಿರಾಕಿ ಮುಂದಿನ ವರ್ಷವೂ ಉಳಿಯುತ್ತಾನೆ, ಯಾವನು ಬಿಟ್ಟು ಹೋಗುತ್ತಾನೆ ಎಂದು ಅಂದಾಜು ಹೇಳುವುದು ನನ್ನ ಉದ್ಯೋಗ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದು ನನಗೆ ಎಷ್ಟು ತಿಳಿಯುತ್ತದೆ ಎನ್ನುವುದು ಈ ಪ್ರಬಂಧ ಮುಗಿಯುವ ಹೊತ್ತಿಗೆ ನಿಮಗೂ ತಿಳಿಯುತ್ತದೆ.

ಇದು ಬಾಂಡಿನ ವಿಷಯ. ನಾನಿನ್ನೂ ತಂಬೋಲದ ನಂಬರುಗಳನ್ನು ಓದಲು ಕಲಿಯುತ್ತಿದ್ದ ಕಾಲ. ತಿರುವನಂತಪುರದ ಬಾಹ್ಯಾಕಾಶ ಕೇಂದ್ರದ ಕ್ವಾರ್ಟರ್ಸಿನಲ್ಲಿ ಕನ್ನಡದವರ ಮನೆಗಳು ಮೂವತ್ತರ ಆಸುಪಾಸು ಇದ್ದವು. ಯಾರೋ ಒಬ್ಬ ಅಂಕಲ್ ಕೆಲಸದ ಮೇಲೆ ಹೊರದೇಶಕ್ಕೆ ಹೋಗಿ ಬಂದು, ಚಾಕಲೇಟಿನ ಜೊತೆಗೆ ಒಂದು ಸುದ್ದಿಯನ್ನೂ ಹಂಚಿದರು. ಅಲ್ಲಿ ಸರ್ಕಾರ ಒಂದು ತರಹದ ಬಾಂಡ್ ಮಾರುತ್ತದಂತೆ. ನಿಮ್ಮ ದುಡ್ಡು ನಿಮ್ಮದೇ, ಯಾವಾಗ ಬೇಕಾದರೂ ವಾಪಸ್ಸು. ಬಡ್ಡಿ ಮಾತ್ರ ಕೊಡುವುದಿಲ್ಲ. ಎಲ್ಲರ ಬಡ್ಡಿಯನ್ನೂ ಒಂದು ಕಡೆ ಗುಡ್ಡೆ ಹಾಕಿ ನಂಬರ್ ಎತ್ತುತ್ತಾರೆ, ಬಂದವನಿಗೆ ಬಂತು. ವಿಜ್ಞಾನಿಗಳಿಗೆ ಇದು ಬಹಳ ಹಿಡಿಸಿತು. ಜೂಜಾಡಿದ ಹಾಗೂ ಆಯಿತು, ಜೂಜಾಡಲಿಲ್ಲ ಎಂದು ಹೆಂಡತಿಗೆ ಹೇಳಿದ ಹಾಗೂ ಆಯಿತು. ಮನೆಗೆ ಇಷ್ಟೆಂದು ಹಾಕಿ ಬ್ಯಾಂಕಿನಲ್ಲಿ ಜಂಟಿ ಠೇವಣಿ ಇಟ್ಟರು. ಮೂರು ತಿಂಗಳಿಗೊಮ್ಮೆ ಬಡ್ಡಿ ಬಿದ್ದ ಮೇಲಿನ ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಡ್ರಾ. ಮನೆಗೊಂದು ತಂಬೋಲದ ಮರದ ಬಿಲ್ಲೆ, ಅವರವರಿಗೆ ಇಷ್ಟವಾದ ನಂಬರಿನದು. ಊರು ಬಿಟ್ಟು ಹೋಗುವವರು ತಮ್ಮ ದುಡ್ಡು ತೆಗೆದುಕೊಂಡು ಬಿಲ್ಲೆ ಒಪ್ಪಿಸಿ ಹೋಗಬೇಕು. ಇಷ್ಟೇ ಕಾನೂನು.

ಆದರೆ ರಾಕೆಟ್ ಹಾರಿಸುವವರ ಕೈಗೆ ಚೀಲ ಕೊಟ್ಟರೆ ಇಷ್ಟಕ್ಕೇ ಬಿಡುತ್ತಾರೆಯೇ? ಚೀಲವನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದರೆ ಬಿಲ್ಲೆಗಳು ಸರಿಯಾಗಿ ಬೆರೆಯುವುದಿಲ್ಲ, ಮೇಲಕ್ಕೂ ಕೆಳಕ್ಕೂ ಕುಲುಕಬೇಕು ಎಂದು ಒಂದು ಬಣ. ಬಣ್ಣ ಹೋದ ಬಿಲ್ಲೆ ಹಗುರ, ಅದು ಮೇಲಕ್ಕೆ ತೇಲುತ್ತದೆ ಎಂದು ಇನ್ನೊಂದು ಬಣ. ಕಾಸರಗೋಡಿನ ಕಡೆಯ ಭಟ್ ಅಂಕಲ್ ಇದ್ದಾರಲ್ಲ, ಆಫೀಸಿನಲ್ಲಿ ದಶಮಾಂಶದ ಆರನೇ ಸ್ಥಾನಕ್ಕೂ ಜಗಳಕ್ಕೆ ನಿಲ್ಲುವ ಮನುಷ್ಯ, ಇಲ್ಲಿ ಮಾತ್ರ ತಮ್ಮ ನಲವತ್ತೊಂದನ್ನು ಕಣ್ಣಿಗೊತ್ತಿಕೊಂಡು ಎಲ್ಲರಿಗಿಂತ ಕೊನೆಗೆ ಚೀಲಕ್ಕೆ ಹಾಕುತ್ತಿದ್ದರು. "ಮೇಲೆಯೇ ಇರ್ಲಿ ಮಾರಾಯ್ರೆ, ಅದಕ್ಕೂ ಗಾಳಿ ಬೇಕು" ಎಂಬುದು ಅವರ ಸಿದ್ಧಾಂತ. ಬಹಳ ದಿನ ಬಾರದ ನಂಬರ್ ಇನ್ನೇನು ಬಂದೇ ಬರುತ್ತದೆ ಎಂದು ನಂಬದವರು ಆ ಮೂವತ್ತು ಮನೆಗಳಲ್ಲಿ ಒಬ್ಬರೂ ಇರಲಿಲ್ಲ. ಅದು ತಪ್ಪು ಎಂದು ತಿಳಿಯದವರೂ ಒಬ್ಬರೂ ಇರಲಿಲ್ಲ. ಹಿಂದೆ ಏನಾಯಿತೆಂದು ಬಿಲ್ಲೆಗೆ ನೆನಪಿರುವುದಿಲ್ಲ. ನೆನಪಿರುವುದು ನಮಗೆ. ತೊಂದರೆಯೆಲ್ಲ ಅಲ್ಲಿಂದಲೇ ಶುರು.

ನಂಬರನ್ನು ಮಗುವಿನ ಕೈಯಿಂದ ಎತ್ತಿಸಬೇಕೆಂದು ನಿಯಮವಿತ್ತು. ಆ ಮಗು ನಾನು. ಈಗ ನನಗೆ ಗಡ್ಡವಿದೆ, ಸಾಲದ ಮೇಲೆ ಕೊಂಡ ಬೈಕಿದೆ, ಕೊಚ್ಚಿಯ ತ್ರಿಪ್ಪುಣಿತ್ತುರದಲ್ಲಿ ಬಾಡಿಗೆಯ ರೂಮಿದೆ. ಆದರೂ ಮಗುವಿನ ಹುದ್ದೆಯಿಂದ ನಿವೃತ್ತಿ ಸಿಕ್ಕಿಲ್ಲ. ನನ್ನ ನಂತರದ ಮಕ್ಕಳನ್ನು "ಬಾ ಪುಟ್ಟಾ, ನಂಬರ್ ಎತ್ತು" ಎಂದು ಕರೆದರೆ ಅವರು ಫೋನಿನಿಂದ ತಲೆ ಎತ್ತದೆ "ಎನಿಕ್ಕು ವಯ್ಯ" ಎಂದು ಮಲಯಾಳದಲ್ಲಿ ಉತ್ತರಿಸುತ್ತಾರೆ. ನನ್ನಿಂದಾಗದು ಎಂದು ಅರ್ಥ. ಅಲ್ಲದೆ ನಾನು ಬರೀ ಎತ್ತುವವನಲ್ಲ, ಕೂಗುವವನೂ ಹೌದು. ಯಾರಿಗೆ ಬಂತೋ ಅವರದೇ ದನಿಯಲ್ಲಿ ಕೂಗುವುದು ನನ್ನ ಕಸುಬು. ಭಟ್ ಅಂಕಲ್ ಗೆದ್ದರೆ ಅವರ ಸೀನಿನೊಂದಿಗೆ ಶುರು. ನಮ್ಮಪ್ಪ ಗೆದ್ದರೆ, ಗೆದ್ದದ್ದಕ್ಕೆ ಕ್ಷಮೆ ಕೇಳುವಂಥ ಅವರ ಗಂಟಲು ಕೆರೆತ. ಇದರಿಂದಾಗಿ ಎಲ್ಲರೂ ನನ್ನನ್ನು ಗಿಳಿ ಎಂದೇ ಕರೆಯುತ್ತಾರೆ. ಧಾರವಾಡದ ಕಡೆಯ ಪದ್ಮಾ ಆಂಟಿಗೆ ಮಾತ್ರ ನಾನು ಗಿಣಿ.

ಪದ್ಮಾ ಆಂಟಿಯ ನಂಬರ್ ಮೂವತ್ತೇಳು. ಅದು ಒಂದೇ ಒಂದು ಸಲವೂ ಬಂದಿಲ್ಲ.

ಚೀಲ ಹೊಲಿದವರೇ ಅವರು, ಇಳಕಲ್ಲಿನ ಖಣದ ತುಂಡಿನಿಂದ. ಚೀಲ ಇರುವುದು ಅವರ ಮನೆಯಲ್ಲೇ. ಕುಲುಕಿ ನನ್ನ ಮುಂದೆ ಹಿಡಿಯುವವರೂ ಅವರೇ. ನಾನು ಕೈ ಹಾಕಿ ಬೇರೆ ಯಾರದೋ ನಂಬರ್ ತೆಗೆದಾಗ ಬಾಯಿ ಚಪ್ಪರಿಸಿ, "ನಿನ್ನ ಕೈಯಾಗ ನಮ್ಮ ನಸೀಬಿಲ್ಲ ಬಿಡಪಾ, ಒಳಗ ಬಾ, ತಿನ್ನು" ಎಂದು ಗಿರಮಿಟ್ಟಿನ ತಟ್ಟೆ ಕೊಡುವವರೂ ಅವರೇ. ನಾನು ತಿನ್ನುತ್ತಾ ಮನಸ್ಸಿನಲ್ಲೇ ಅವರ ದನಿಯನ್ನು ಅಭ್ಯಾಸ ಮಾಡುತ್ತಿದ್ದೆ. ಎಂದಾದರೂ ಮೂವತ್ತೇಳು ಬಂದರೆ ಹೇಗೆ ಕೂಗಬೇಕು, ಎಲ್ಲಿ ಉಸಿರೆಳೆಯಬೇಕು, ಸೆರಗು ಹೇಗೆ ಝಾಡಿಸಬೇಕು, ಎಲ್ಲ ತಯಾರಿತ್ತು. ನನ್ನ ಗಂಟಲಲ್ಲಿರುವ ದನಿಗಳಲ್ಲೆಲ್ಲ ಅದೇ ಶ್ರೇಷ್ಠ. ರಂಗಕ್ಕೆ ಬಾರದೆ ಉಳಿದದ್ದೂ ಅದೊಂದೇ.

ಆಂಟಿಯ ಯಜಮಾನರು ಕುಲಕರ್ಣಿ ಅಂಕಲ್ ನಿವೃತ್ತರಾದ ದಿನ ಒಂದು ಮಾತು ಹೇಳಿದ್ದರು. ಹುಬ್ಬಳ್ಳಿಯಲ್ಲಿ ಅವರದು ಮನೆ ಕಟ್ಟಿ ಮುಗಿದಿತ್ತು. ಬೀಳ್ಕೊಡುಗೆಯ ಊಟದಲ್ಲಿ ಎಲ್ಲರೂ "ಯಾವಾಗ ಹೊರಡುವುದು?" ಎಂದು ಕೇಳುತ್ತಿದ್ದರು. ಆಂಟಿ, "ಒಂದ ಸಲಾನೂ ಬಾಂಡ್ ಹತ್ತಲಾರದ ಹ್ಯಾಂಗ ಹೋಗೂದ್ರೀ? ಇಷ್ಟ ವರ್ಷ ಚೀಲಾ ಕುಲುಕಿದ್ದ ದಂಡಾ ಏನು?" ಎಂದರು. ಅಂಕಲ್ ಎಲೆಯಿಂದ ತಲೆ ಎತ್ತಿ, ಎಲ್ಲರೆದುರು, "ಆತು. ನಿನಗ ಒಮ್ಮೆ ಬಾಂಡ್ ಹತ್ತಲಿ, ಮರುದಿನಾನ ಗಂಟು ಕಟ್ಟೂಣು" ಎಂದರು. ಎಲ್ಲರೂ ನಕ್ಕರು. ಕ್ವಾರ್ಟರ್ಸ್ ಖಾಲಿ ಮಾಡಿ ಅಲ್ಲೇ ಹತ್ತಿರದಲ್ಲೊಂದು ಬಾಡಿಗೆ ಮನೆ ಹಿಡಿದರು, ತಾತ್ಕಾಲಿಕವಾಗಿ. ಆ ತಾತ್ಕಾಲಿಕಕ್ಕೆ ಈಗ ಐದಾರು ವರ್ಷ. ಹುಬ್ಬಳ್ಳಿಯ ಹೊಸ ಮನೆಗೆ ಎರಡನೇ ಸಲ ಬಣ್ಣ ಬಳಿಸುವ ಕಾಲ ಬಂತು. ಮೂವತ್ತೇಳು ಬರಲಿಲ್ಲ.

ಈ ನಡುವೆ ಒಂದು ವಿಚಿತ್ರ ನಡೆಯುತ್ತಿತ್ತು. ಒಬ್ಬೊಬ್ಬರೇ ನಿವೃತ್ತರಾಗಿ ಮೈಸೂರು, ಬೆಂಗಳೂರು, ಬೆಳಗಾವಿ ಎಂದು ಹೊರಟರು. ಒಂದೊಂದು ಬಿಲ್ಲೆ ಹೊರಬಿದ್ದ ಹಾಗೆಲ್ಲ ಉಳಿದವರು ಗೆಲ್ಲುವ ಸಾಧ್ಯತೆ ಹೆಚ್ಚಿತು. ಮೂವತ್ತಕ್ಕೊಂದು ಇದ್ದದ್ದು ಇಪ್ಪತ್ತಕ್ಕೊಂದಾಯಿತು, ಹನ್ನೆರಡಕ್ಕೊಂದಾಯಿತು, ಈಗ ಎಂಟಕ್ಕೊಂದು. ಠೇವಣಿಯೂ ಕರಗಿತು. ಮೊದಮೊದಲು ಗೆದ್ದವರ ಮನೆಗೆ ಮಿಕ್ಸಿ ಬರುತ್ತಿತ್ತು. ಆಮೇಲೆ ಕುಕ್ಕರು. ಈಗ ಬರುವುದರಲ್ಲಿ ಕುಕ್ಕರಿನ ರಬ್ಬರು ಕೊಂಡು ಆಟೋದಲ್ಲಿ ಮನೆಗೆ ಬರಬಹುದು. ಪುಸ್ತಕದ ಪ್ರಕಾರ ಗೆಲ್ಲುವ ಸಾಧ್ಯತೆ ಹೆಚ್ಚಿದರೆ ಮನುಷ್ಯ ಖುಷಿಪಡಬೇಕು. ಆದರೆ ಡ್ರಾ ದಿನ ಖಾಲಿ ಕುರ್ಚಿಗಳನ್ನು ನೋಡಿ "ಆಹಾ, ನಮ್ಮ ಅವಕಾಶ ಎಷ್ಟು ಸುಧಾರಿಸಿತು" ಎಂದವರನ್ನು ನಾನು ಕಂಡಿಲ್ಲ. ಹಿಂದೆ ಕೂರಲು ಜಾಗವಿಲ್ಲದೆ ನಾವು ಮಕ್ಕಳೆಲ್ಲ ಮಂಚದ ಕೆಳಗೆ ತೂರಿಕೊಂಡು, ಮೈಸೂರಿನ ಕನ್ನಡ, ಮಂಗಳೂರಿನ ಕನ್ನಡ, ಗದಗದ ಕನ್ನಡ ಎಲ್ಲ ತಲೆಯ ಮೇಲೆ ಹಾದುಹೋಗುವುದನ್ನು ಕೇಳುತ್ತಿದ್ದೆವು. ನನ್ನ ಮಿಮಿಕ್ರಿಯ ಶಾಲೆ ಅದೇ ಮಂಚದಡಿ. ಆಗ ಗೆಲ್ಲುವುದು ಬಹಳ ಕಷ್ಟವಾಗಿತ್ತು. ಎಂಥ ಒಳ್ಳೆಯ ಕಾಲ!

ಹೋದ ತಿಂಗಳ ಡ್ರಾಗೆಂದು ಶನಿವಾರ ಹೊರಟೆ. ತ್ರಿಪ್ಪುಣಿತ್ತುರ ಸ್ಟೇಷನ್ನಿನ ಹೊರಗೆ ಲಾಟರಿ ಮಾರುವ ಅಣ್ಣನೊಬ್ಬ, ಇಲ್ಲಿನ ಮಾತಿನಲ್ಲಿ ಚೇಟ್ಟ, ಸೈಕಲ್ಲಿಗೆ ಹಲಗೆ ಕಟ್ಟಿಕೊಂಡು, "ನಾಳೆಯಾಣ್, ನಾಳೆಯಾಣ್" ಎಂದು ಕೂಗುತ್ತಿದ್ದ. ಕೇರಳದಲ್ಲಿ ಕನ್ನಡಿಗನಿಗೆ ಅನುವಾದ ಬೇಡದ ಕೂಗು ಅದು. ಆಸೆಗೆ ಎರಡೂ ಭಾಷೆಯಲ್ಲಿ ಒಂದೇ ದಿನ. ನಾನು ಅವನ ದನಿಯಲ್ಲೇ ತಿರುಗಿ ಕೂಗಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಟಿಕೆಟ್ ಕೊಳ್ಳದವರಿಗೆ ಮಿಮಿಕ್ರಿಗೆ ಪರವಾನಗಿ ಇಲ್ಲ ಎಂದು ಮಲಯಾಳದಲ್ಲಿ ಹೇಳಿದ. ಕೊಂಡೆ. ಬರಲಿಲ್ಲ. ಲಾಟರಿಗೂ ನಮ್ಮ ಬಾಂಡಿಗೂ ಇರುವ ವ್ಯತ್ಯಾಸವೇ ಇದು. ಲಾಟರಿಯಲ್ಲಿ ಸೋತರೆ ದುಡ್ಡು ಹೋಗಿ ಆಸೆ ಉಳಿಯುತ್ತದೆ. ಬಾಂಡಿನಲ್ಲಿ ದುಡ್ಡು ಭದ್ರವಾಗಿರುತ್ತದೆ, ಸವೆಯುವುದು ಆಸೆ ಮಾತ್ರ.

ರೈಲಿನಲ್ಲಿ ಕೂತು ಆಂಟಿಯ ಲೆಕ್ಕ ಹಾಕಿದೆ. ಮನೆಗಳು ಮೂವತ್ತಿದ್ದಾಗಿನಿಂದ ಎಂಟಾಗುವವರೆಗೆ, ಮೂರು ತಿಂಗಳಿಗೊಂದು ಡ್ರಾದಂತೆ, ಒಂದು ನಂಬರ್ ಒಮ್ಮೆಯೂ ಬಾರದೆ ಉಳಿಯುವ ಸಾಧ್ಯತೆ ಎಷ್ಟು? ಅರ್ಧ ದಾರಿ ದಾಟುವ ಹೊತ್ತಿಗೆ ಉತ್ತರ ಬಂತು, ಹೆಚ್ಚುಕಡಿಮೆ ನೂರಕ್ಕೊಂದು. ಪಾಪ, ತೆಂಗಿನೆಣ್ಣೆ ಕಂಡರಾಗದು, ಒಗೆದ ಬಟ್ಟೆ ಒಣಗದು, ಇಲ್ಲಿನ ಅಕ್ಕಿ ಗಂಟಲಲ್ಲಿಳಿಯದು ಎಂದು ದಿನವೂ ಗೊಣಗುವ ಹೆಂಗಸು. ತನ್ನ ಸ್ವಂತ ಮನೆ ಹುಬ್ಬಳ್ಳಿಯಲ್ಲಿ ಕಾಯುತ್ತಿರುವಾಗ ಒಂದು ಮರದ ಬಿಲ್ಲೆಯ ದೆಸೆಯಿಂದ ಇಲ್ಲಿ ಬೆವರುತ್ತಾ ಕೂತಿದ್ದಾರೆ. ಅವರನ್ನು ಬಿಡುಗಡೆ ಮಾಡುವವರು ಯಾರಾದರೂ ಬೇಕಲ್ಲ? ಕರುಣೆ ಉಕ್ಕಿತು. ಕರುಣೆಯ ಹಿಂದೆಯೇ ಗಂಟಲೊಳಗೆ ಆ ತಯಾರಾದ ದನಿಯೂ ಉಕ್ಕಿತು. ಎರಡರಲ್ಲಿ ಯಾವುದು ಮುಂದಿತ್ತು ಎಂದು ದಯವಿಟ್ಟು ಕೇಳಬೇಡಿ.

ಭಾನುವಾರ ಕುಲಕರ್ಣಿಯವರ ಮನೆಯಲ್ಲೇ ಡ್ರಾ. ಉಳಿದ ಎಂಟೂ ಮನೆಯವರು ಬಂದಿದ್ದರು. ಗಿರಮಿಟ್ಟಿನ ಪಕ್ಕದಲ್ಲಿ ಮೂಲೆಯಂಗಡಿಯ ಪರಿಪ್ಪುವಡೆ.

"ಸೊರಗೀಯಲ್ಲೋ ಗಿಣಿ. ಕೊಚ್ಚಿಯೊಳಗ ನಿನಗ ಊಟಾ ಹಾಕೂದಿಲ್ಲೇನು?" ಎಂದರು ಪದ್ಮಾ ಆಂಟಿ.

"ಎಂತ ಸೊರಗಿದ್ದು? ಹೊಟ್ಟೆ ನೋಡಿ ಅವಂದು. ಇನ್ನು ಮಂಚದಡಿ ಹೋದ್ರೆ ಮಂಚವೇ ಏಳ್ತದೆ" ಎಂದರು ಭಟ್ ಅಂಕಲ್. ಆಮೇಲೆ ಎಂದಿನಂತೆ ನಲವತ್ತೊಂದನ್ನು ಕಣ್ಣಿಗೊತ್ತಿ ಚೀಲಕ್ಕೆ ಹಾಕಿದರು.

ಆಂಟಿ ಕುಲುಕಿದರು. ನಾನು ಕೈ ಹಾಕಿದೆ, ತೆಗೆದೆ, ನೋಡಿದೆ. ನಲವತ್ತೊಂದು. ಭಟ್ ಅಂಕಲ್ ಹೋದ ವರ್ಷವೇ ಒಮ್ಮೆ ಗೆದ್ದವರು. ಈ ರಬ್ಬರಿನ ದುಡ್ಡಿಲ್ಲದೆ ಅವರೇನೂ ಬಡವರಾಗುವುದಿಲ್ಲ. ಮುಷ್ಟಿ ಮುಚ್ಚಿದೆ. ಬಿಲ್ಲೆ ತೋರಿಸು ಎಂದು ಕೇಳುವ ಪದ್ಧತಿ ಎಂದೋ ನಿಂತುಹೋಗಿತ್ತು. ಮಗುವಿನ ಕೈಯಲ್ಲವೇ? ಇಲ್ಲದ ಸೆರಗು ಝಾಡಿಸಿದೆ, ಉಸಿರೆಳೆದೆ.

"ಅಯ್ಯ ನಮ್ಮವ್ವಾ! ಬಂತ ನೋಡ್ರೀ ಕಡೀಕೂ! ನಾ ಸತ್ತ ಮ್ಯಾಲ ಬರ್ತದ ಅಂತ ಮಾಡಿದ್ದೆ! ಮೂವತ್ತೇಳರೀ, ಮೂವತ್ತೇಳು!"

ಕಲಾವಿದನ ಬಾಳಿನಲ್ಲಿ ಅಂಥ ಕ್ಷಣಗಳು ಹೆಚ್ಚು ಬರುವುದಿಲ್ಲ. ಮೊದಲು ಅರ್ಧ ನಿಮಿಷ ನಗು, ಆಮೇಲೆ ಸುದ್ದಿ ತಲೆಗೆ ಹೊಕ್ಕು ಚಪ್ಪಾಳೆ. ನಮ್ಮಮ್ಮ ಎದ್ದು ಹೋಗಿ ಆಂಟಿಯನ್ನು ತಬ್ಬಿಕೊಂಡರು. ಆಂಟಿ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಅದನ್ನು ಸಂತೋಷ ಎಂದುಕೊಂಡೆ. ಕುಲಕರ್ಣಿ ಅಂಕಲ್ ಮೊದಲು ಹೆಂಡತಿಯನ್ನು ನೋಡಿದರು, ಆಮೇಲೆ ನನ್ನನ್ನು. ಆ ನೋಟವನ್ನು ಕೃತಜ್ಞತೆ ಎಂದುಕೊಂಡೆ. ನನ್ನ ಅಂದಾಜುಗಳಿಗೆ ಕಂಪನಿ ಸಂಬಳ ಕೊಡುತ್ತದೆ, ನೆನಪಿರಲಿ.

"ಇನ್ನು ನೀವು ಹೋಗ್ಲೇಬೇಕು ಕುಲಕರ್ಣಿಯವರೇ. ಎಲ್ಲರೆದುರು ಕೊಟ್ಟ ಮಾತು. ನಾವು ಮರ್ತಿಲ್ಲ" ಎಂದು ಭಟ್ ಅಂಕಲ್ ತೊಡೆ ತಟ್ಟಿದರು. "ಏಳು ಮನೆ ಆಯ್ತು ಇನ್ನು" ಎಂದು ಅವರೇ ಮೆಲ್ಲಗೆ ಸೇರಿಸಿದರು. ಆ ಲೆಕ್ಕ ಯಾರಿಗೂ ರುಚಿಸಲಿಲ್ಲ.

"ಮಾತು ಅಂದ್ರ ಮಾತು" ಎಂದರು ಅಂಕಲ್. ಬ್ಯಾಂಕಿನ ಪಾಸ್‌ಬುಕ್ ಓದುವ ದನಿ.

"ಗಿಣಿ, ಒಳಗ ಬಾ. ಚಾದ ಟ್ರೇ ಹಿಡಿ" ಎಂದರು ಆಂಟಿ.

ಅಡುಗೆಮನೆಯಲ್ಲಿ ಚಹ ಇಟ್ಟೇ ಇರಲಿಲ್ಲ. ಆಂಟಿ ಮಸಾಲೆ ಡಬ್ಬಗಳ ಸಾಲಿನಿಂದ ಸಾಸಿವೆಯದನ್ನು ಇಳಿಸಿ, ಮುಚ್ಚಳ ತೆಗೆದು, ಬೆರಳು ಆಳಕ್ಕೆ ಹಾಕಿ ಏನನ್ನೋ ಎತ್ತಿ ನನ್ನ ಅಂಗೈಗೆ ಹಾಕಿದರು. ನಾಲ್ಕು ಕಾಳು ಸಾಸಿವೆ ಅದಕ್ಕಂಟಿಕೊಂಡಿತ್ತು.

"ನಂಬರ್ ಓದು. ಈಗರೆ ಬರೋಬ್ಬರಿ ಓದು."

"ಮೂವತ್ತೇಳು," ಎಂದೆ. ಅದು ನನ್ನ ಸ್ವಂತ ದನಿ. ಬಹಳ ದಿನಗಳ ಮೇಲೆ ಕೇಳಿದ್ದರಿಂದ ನನಗೇ ಗುರುತು ಸಿಗಲಿಲ್ಲ.

"ಅದು ಇಲ್ಲೇ ಅದ. ಹಂಗಾರ ಹೊರಗ ನೀ ಕೂಗಿದ್ದು ಯಾವ ಮೂವತ್ತೇಳೋ, ಖೋಡಿ?"

ಇಬ್ಬರು ಕಳ್ಳರು ಎದುರೆದುರು ನಿಂತಿದ್ದೆವು. ಅವಳ ಕಳ್ಳತನ ಹೇಳದೆ ನನ್ನದನ್ನು ಅವಳು ಹೊರಹಾಕುವಂತಿಲ್ಲ, ನನ್ನದನ್ನು ಹೇಳದೆ ಅವಳದನ್ನು ನಾನು ಹೇಳುವಂತಿಲ್ಲ. ಗಾಬರಿಯಲ್ಲಿ ಏಕವಚನಕ್ಕಿಳಿದುಬಿಟ್ಟೆ, ಆಂಟಿಯ ಕ್ಷಮೆಯಿರಲಿ. ನೂರಕ್ಕೊಂದು ಎಂದು ಅರ್ಧ ದಾರಿಯವರೆಗೆ ಗುಣಾಕಾರ ಮಾಡಿಕೊಂಡು ಬಂದಿದ್ದೆನಲ್ಲ! ಆಫೀಸಿನಲ್ಲಿ ಯಾವುದೋ ಅಂಕಿ ಇಷ್ಟು ಕಾಲ ಬಾರದಿದ್ದರೆ ಮೊದಲು ಯಂತ್ರ ಬಿಚ್ಚಿ ನೋಡುತ್ತೇನೆ. ಇಲ್ಲಿ ಚೀಲ ಬಿಟ್ಟು ವಿಧಿಯನ್ನು ಅನುಮಾನಿಸಿದ್ದೆ.

"ಯಾವಾಗಿನಿಂದ, ಆಂಟಿ?"

"ಇವ್ರು ರಿಟೈರ್ ಆದ ಮ್ಯಾಲಿಂದ. ಅದಕ್ಕೂ ಮೊದಲ ಖರೇನ ಹತ್ತಿಲ್ಲಪಾ. ಆವಾಗ ಅಳೂನ ಬರ್ತಿತ್ತು."

"ಮತ್ತೆ ದಿನಾ ಬಯ್ತಿದ್ರಲ್ಲ? ಎಣ್ಣೆ ಆಗಲ್ಲ, ಅಕ್ಕಿ ಆಗಲ್ಲ ಅಂತ?"

"ಬೈದರ ಏನಾತು? ಬೈದ ಊರು ಬಿಟ್ಟ ಹೋಗಬೇಕಂತ ಎಲ್ಲೆರೆ ಅದ ಏನು?" ಆಂಟಿ ಈಗ ನಿಜಕ್ಕೂ ಚಹಕ್ಕೆ ನೀರಿಟ್ಟರು, ಬೆನ್ನು ನನ್ನ ಕಡೆ ಮಾಡಿ. "ಹುಬ್ಬಳ್ಯಾಗ ನಾ ಕುಲಕರ್ಣ್ಯಾರ ದೊಡ್ಡ ಸೊಸಿ. ಹಬ್ಬಕ್ಕ ಯಾರ್ಗೆ ಯಾವ ಸೀರಿ, ಯಾರ ಮನೀಗೆ ಮೊದಲ ಹೋಗಬೇಕು, ಬರೇ ಅದ ಮಾತು. ಇಲ್ಲೆ ಬಾಜೂ ಮನಿ ಚೇಚಿ ಕಂಪೌಂಡಿನ ಮ್ಯಾಲಿಂದ ಪದ್ಮೇ ಅಂತ ಒದರತಾಳ. ಸಂಜೀಕ ಶಂಖುಮುಖಕ್ಕ ಹೋಗಿ ಸಮುದ್ರ ನೋಡ್ತೀವಿ. ಅಕೀದು ಮಲಯಾಳಾ, ನಂದು ಹರಕ ಮುರಕ. ಇಬ್ರೂ ಭಾಳ ನಗತೀವಿ. ನನ್ನ ಹೆಸರು ಹಿಡದ ಕರಿಯೋವರು ಇನ್ನ ಎಲ್ಲಿ ಅದಾರ ಹೇಳು?"

ಒಲೆಯ ಮೇಲೆ ನೀರು ಸದ್ದು ಮಾಡತೊಡಗಿತು. ಅವರ ಮೂಗಿನಿಂದಲೂ ಒಂದು ಸದ್ದು ಬಂತು. ಎಷ್ಟು ದನಿಗಳನ್ನು ಕದ್ದಿದ್ದೇನೆ ನಾನು. ಅದೊಂದನ್ನು ಕಲಿಯುವುದು ಬೇಡವೆನ್ನಿಸಿತು.

ಮೂವತ್ತೇಳನ್ನು ಸಾಸಿವೆಯ ಡಬ್ಬಕ್ಕೇ ಹಿಂತಿರುಗಿಸಿ ಹೊರಗೆ ಹೋದೆ. ಅಷ್ಟರಲ್ಲಿ ಭಟ್ ಅಂಕಲ್ ಫೋನಿನಲ್ಲಿ ಹುಬ್ಬಳ್ಳಿಯ ರೈಲು ಯಾವ ದಿನವೆಂದು ಹುಡುಕುತ್ತಿದ್ದರು. ನಮ್ಮಮ್ಮ ಯಾವ ಪಾತ್ರೆ ಯಾವ ಡಬ್ಬಕ್ಕೆ ಎಂಬಲ್ಲಿಗೆ ಬಂದಿದ್ದರು. ನಾನು ಮಧ್ಯೆ ನಿಂತು, "ಎಲ್ಲರೂ ಕೇಳಿ, ಅದು ತಮಾಷೆ" ಎಂದೆ. ಯಾರೂ ಕೇಳಲಿಲ್ಲ. ಇದೂ ನನ್ನ ತಮಾಷೆ ಎಂದುಕೊಂಡರು. ಸುಳ್ಳು ಹೇಳುವಾಗ ಒಂದೇ ಸಲಕ್ಕೆ ನಂಬಿದ ಜನ, ನಿಜ ಹೇಳುವಾಗ ಮೂರು ಸಲ ಹೇಳಿಸಿದರು. ಕೊನೆಗೆ ಮುಷ್ಟಿ ಬಿಚ್ಚಿ ತೋರಿಸಿದೆ. ನಲವತ್ತೊಂದು.

"ಎಂತ ಸಾವು ಮಾರಾಯ!" ಎಂದು ಭಟ್ ಅಂಕಲ್ ಕುರ್ಚಿಯಿಂದ ಎದ್ದೇಬಿಟ್ಟರು. "ನಂದಲ್ವಾ ಅದು? ನನ್ನ ನಂಬರಲ್ಲಿ ಇವ ನಾಟಕ ಆಡಿದ್ದಾ? ಇಂಥವನನ್ನು ಕಂಪನಿಯವರು ಯಾವ ಧೈರ್ಯದಲ್ಲಿ ಇಟ್ಕೊಂಡಿದ್ದಾರೆ?"

"ಏನೋ ಇದು? ವಯಸ್ಸಾದವರ ಜೊತೆ ಹೀಗಾ ಆಟ ಆಡೋದು? ನಾಚ್ಕೆ ಆಗಲ್ವಾ ನಿಂಗೆ?" ನಮ್ಮಮ್ಮ ಎಲ್ಲರೆದುರೇ ತೋಳು ಹಿಂಡಿದರು. ಗಡ್ಡವಿರುವವನ ತೋಳಿಗೂ ಅಷ್ಟೇ ನೋಯುತ್ತದೆ. ಪದ್ಮಾ ಆಂಟಿ ಚಹದ ಟ್ರೇ ಹಿಡಿದು ಬಂದು, ಜಗತ್ತಿನ ದುಃಖವನ್ನೆಲ್ಲ ಮುಖದಲ್ಲಿ ತಂದುಕೊಂಡು, "ಬಿಡ್ರೀ, ನಮ್ಮ ನಸೀಬ ಹಂಗದ" ಎಂದರು. ಆ ಮನೆಯಲ್ಲಿ ಅಂದು ಕಲಾವಿದ ನಾನೊಬ್ಬನೇ ಆಗಿರಲಿಲ್ಲ. ಭಟ್ ಅಂಕಲ್ ರೈಲು ಹುಡುಕುವುದನ್ನು ನಿಲ್ಲಿಸಿ, ಎರಡನೇ ಪರಿಪ್ಪುವಡೆಗೆ ಕೈ ಹಾಕಿದರು. ಎಂಟು ಮನೆ ಎಂಟಾಗಿಯೇ ಉಳಿಯಿತು. ಎಲ್ಲರೂ ನನ್ನನ್ನು ಬೈಯುತ್ತಾ ಬಹಳ ಹೊತ್ತು, ಬಹಳ ಸಂತೋಷವಾಗಿ ಕೂತಿದ್ದರು.

ಸಂಜೆ ಕುಲಕರ್ಣಿ ಅಂಕಲ್ ತಾವಾಗಿಯೇ ಸ್ಕೂಟರ್ ತೆಗೆದು ನನ್ನನ್ನು ಸ್ಟೇಷನ್ನಿಗೆ ಬಿಟ್ಟರು. ನನಗೆ ಪಶ್ಚಾತ್ತಾಪ ಹೆಚ್ಚು ಹೊತ್ತು ತಡೆಯುವುದಿಲ್ಲ, ಕೀಟಲೆ ತಲೆ ಎತ್ತಿತು. ಪಾಪ, ಈ ಮನುಷ್ಯ ಒಬ್ಬರಿಗೇ ಏನೂ ಗೊತ್ತಿಲ್ಲವಲ್ಲ ಎಂಬ ಅಹಂಕಾರವೂ ಸ್ವಲ್ಪ ಇತ್ತೆನ್ನಿ. ಇಳಿದು, ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತಾ ಹೇಳಿದೆ:

"ಅಂಕಲ್, ಇವತ್ತು ನನ್ನ ಮೇಲೆ ಎಲ್ಲರಿಗೂ ನಂಬಿಕೆ ಹೋಯ್ತು. ಮುಂದಿನ ಸಲ ಡ್ರಾಗೆ ಮೊದಲು ಚೀಲ ಮಗುಚಿ, ಎಲ್ಲರೆದುರು ಬಿಲ್ಲೆ ಎಣಿಸಿಬಿಡೋಣ್ವಾ?"

ಅಂಕಲ್ ಹೆಲ್ಮೆಟ್ಟಿನ ಗಾಜು ಮೇಲೆತ್ತಿದರು. ಉಡಾವಣೆಗೆ ಮುಂಚೆ ಇಂಥ ಮುಖಗಳನ್ನೇ ಟಿವಿಯಲ್ಲಿ ತೋರಿಸುತ್ತಾರೆ.

"ನಾ ಯಾವಾಗೋ ಎಣಿಸೇನಿ, ತಮ್ಮಾ. ನೀ ಬರೇ ಕೂಗು."